ಅಕ್ಕನ ಬಲಗೈ

ಆವತ್ತು ಬೆಳಗ್ಗೆ ಒಂಬತ್ತೂವರೆಗೆ ಅಕ್ಕ ಫೋನ್ ಮಾಡಿದಾಗ ನಾನು ಅಂಗನವಾಡಿಯ ಬೀಗ ತೆಗೆದು ಚಾಪೆ ಹಾಸುತ್ತಿದ್ದೆ. ನಾನಿರುವುದು ತಿರುಮಕೂಡಲು ನರಸೀಪುರದಲ್ಲಿ, ಅಲ್ಲಿ ಅಂಗನವಾಡಿ ಟೀಚರು. ಅಕ್ಕ ಇರುವುದು ನಂಜನಗೂಡಿನಲ್ಲಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಇಪ್ಪತ್ತೈದು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದವಳು. ನನ್ನ ಮದುವೆಯಾದ ಮೇಲೆ ನಾನು ಬೇರೆಯವರ ಕೈಲಿ ಒಂದು ಬ್ಲೌಸೂ ಹೊಲಿಸಿದವಳಲ್ಲ. ಆವತ್ತಿನ ಫೋನೂ ಅದಕ್ಕೇ.

“ತೋಳು ಮೊಣಕೈಗಂಟ ಇರ್ಲಾ, ಮೇಲಕ್ಕೆ ಸಾಕಾ?” ಅಂದಳು.

“ಮೊಣಕೈಗಂಟ ಇರ್ಲಿ ಕಣಕ್ಕ.”

“ಸರಿ, ಅಂಗಾದ್ರೆ ನಾನು ಹಾಲನ್ನ ಬಾಗ್ಲಿಗೆ... ಬಾಗ್ಲು ಅನ್ನ... ಅನ್ನ...”

ನನಗೆ ನಗು ಬಂತು. “ಏನಕ್ಕ, ಬೆಳಬೆಳಗ್ಗೆ ತಮಾಸೆ ಮಾಡ್ತೀಯಾ?” ಅಂದೆ. ಆ ಕಡೆಯಿಂದ ನಕ್ಕ ಹಾಗೆ ಏನೋ ಸದ್ದಾಯಿತು. ಅಷ್ಟರಲ್ಲಿ ಬಾಗಿಲಲ್ಲಿ ಒಂದು ಮಗು ಚಡ್ಡಿ ಒದ್ದೆ ಮಾಡಿಕೊಂಡು ಅಳುತ್ತಾ ನಿಂತಿತ್ತು. “ಮಧ್ಯಾಹ್ನ ಮಾಡ್ತೀನಿ ತಡಿ” ಅಂದು ಫೋನ್ ಇಟ್ಟೆ. ಮಧ್ಯಾಹ್ನ ಮಾಡುವುದು ಮರೆತೆ.

ಭಾವ ಕೆಲಸ ಮಾಡುತ್ತಿದ್ದುದು ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ. ಮೊದಲನೇ ಶಿಫ್ಟು ಮುಗಿಸಿ ಎರಡೂವರೆಗೆ ಮನೆಗೆ ಬಂದರೆ ಅಕ್ಕ ಮಷೀನಿನ ಪಕ್ಕ ನೆಲದ ಮೇಲೆ ಬಿದ್ದಿದ್ದಳು. ಎಚ್ಚರ ಇತ್ತು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಭಾವನನ್ನು ನೋಡಿ ಎಡಗೈ ಎತ್ತಿದಳಂತೆ. ಬಲಗೈ ಅವಳದೇ ಅಲ್ಲವೇನೋ ಎಂಬಂತೆ ಸೀರೆಯ ಕೆಳಗೆ ಸಿಕ್ಕಿಕೊಂಡಿತ್ತಂತೆ.

ನಾನು ಮೈಸೂರಿನ ಆಸ್ಪತ್ರೆ ತಲುಪುವ ಹೊತ್ತಿಗೆ ಡಾಕ್ಟರು ಭಾವನನ್ನು ನಿಲ್ಲಿಸಿಕೊಂಡು ಕೇಳುತ್ತಿದ್ದರು: “ಯಾವಾಗ ಶುರುವಾಯ್ತು? ಗಂಟೆ ಹೇಳಿ.” ಭಾವನಿಗೆ ಗೊತ್ತಿಲ್ಲ. ನನಗೆ ಗೊತ್ತಿತ್ತು.

“ಒಂಬತ್ತೂವರೆಗೆ ಸಾರ್,” ಅಂದೆ. “ಫೋನಲ್ಲಿ ಮಾತು ತಪ್ಪಿತ್ತು.”

ಡಾಕ್ಟರು ಗೋಡೆ ಗಡಿಯಾರ ನೋಡಿದರು. ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದನ್ನು ಕರಗಿಸೋ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಆ ಹೊತ್ತು ದಾಟಿದೆ ಅಂದರು. ಯಾರನ್ನೂ ಬೈದು ಹೇಳಲಿಲ್ಲ. ನಾನು ನಕ್ಕೆ ಅನ್ನೋದನ್ನು ಅವರಿಗೂ ಹೇಳಲಿಲ್ಲ, ಭಾವನಿಗೂ ಹೇಳಲಿಲ್ಲ.

ಅಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ನಮ್ಮ ತವರು ಹೆಮ್ಮರಗಾಲ. ನನಗೆ ಆರು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಆಮೇಲೆ ನನಗೆ ಜಡೆ ಹಾಕಿದ್ದು, ಜ್ವರ ಬಂದರೆ ಪಕ್ಕದಲ್ಲಿ ಮಲಗಿದ್ದು, ರೊಟ್ಟಿ ತಟ್ಟುತ್ತಾ ಮಗ್ಗಿ ಹೇಳಿಸಿದ್ದು ಎಲ್ಲ ಅವಳೇ. ನಾನು ಓದಿ ಮುಗಿಸುವ ತನಕ ಮದುವೆ ಬೇಡ ಅಂತ ಕೂತಿದ್ದವಳು. ಅವಳಿಗೆ ಮಕ್ಕಳಾಗಲಿಲ್ಲ. “ನಂಗೆ ಯಾಕೆ ಇನ್ನೊಂದು, ಈ ಕೂಸೇ ಸಾಕು” ಅಂತ ನನ್ನನ್ನು ತೋರಿಸಿ ಬಂದವರ ಮುಂದೆಲ್ಲ ನಗುತ್ತಿದ್ದಳು. ನನಗೆ ನಲವತ್ತೈದಾದರೂ ಅವಳ ಬಾಯಲ್ಲಿ ನಾನು ಕೂಸೇ.

ಹನ್ನೆರಡು ದಿನ ಆದ ಮೇಲೆ ಆಸ್ಪತ್ರೆಯಿಂದ ಕಳಿಸಿದರು. ಬಲಗೈ ಬಲಗಾಲು ಎರಡಕ್ಕೂ ಸ್ವಾಧೀನ ಇರಲಿಲ್ಲ. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು, ಆದರೆ ಅವಳ ಬಾಯಲ್ಲಿ “ಅದು... ಅದು...” ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ನೀರು ಬೇಕಾದರೂ ಅದು, ಕಿಟಕಿ ಹಾಕಬೇಕಾದರೂ ಅದು. ನಾವು ತಪ್ಪು ತಿಳಿದುಕೊಂಡು ಬೇರೇನೋ ತಂದುಕೊಟ್ಟರೆ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದಳು.

ಭಾವನಿಗೆ ಶಿಫ್ಟು ಬಿಡುವ ಹಾಗಿರಲಿಲ್ಲ. ನಮ್ಮ ಮಗಳು ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದುದರಿಂದ ಅವಳ ಕೋಣೆ ಖಾಲಿ ಇತ್ತು. “ಅಕ್ಕನ್ನ ನಮ್ಮನೆಗೆ ಕರ್ಕೊಂಡು ಓಯ್ತೀನಿ ಭಾವ” ಅಂದೆ. ಭಾವ ತಲೆ ತಗ್ಗಿಸಿಕೊಂಡು, “ನಾನು ಅಲ್ಲಿಗೇ ಬಂದು ಬಂದು ಓಗ್ತೀನಿ ಕಣವ್ವ” ಅಂದರು. ಆಮೇಲೆ ವಾರಕ್ಕೆ ಮೂರು ಸಲ, ಒಂದು ಸಲವೂ ತಪ್ಪಿಸದೆ ಬಂದರು.

ನಮ್ಮ ಮನೆಯವರದು ಪಂಪ್‌ಸೆಟ್ ರಿಪೇರಿ ಅಂಗಡಿ. ಮಾತು ಕಡಿಮೆ. ಅಕ್ಕ ಬಂದ ಎರಡನೇ ದಿನ ಹಿತ್ತಲಲ್ಲಿ ಬೆಸುಗೆಯ ಬೆಳಕು ಕಂಡಿತು. ಹೋಗಿ ನೋಡಿದರೆ ಕಬ್ಬಿಣದ ಪೈಪುಗಳನ್ನು ಸೊಂಟದ ಎತ್ತರಕ್ಕೆ ಎರಡು ಸಾಲು ನಿಲ್ಲಿಸಿ, ಮಧ್ಯೆ ಒಬ್ಬರು ಹಿಡಿದುಕೊಂಡು ನಡೆಯುವಷ್ಟು ಜಾಗ ಬಿಟ್ಟಿದ್ದಾರೆ. “ಆಸ್ಪತ್ರೇಲಿ ಇಂಥದ್ದೇ ಇತ್ತಲ್ಲ,” ಅಂದರು, ಅಷ್ಟೆ. ಕೈ ಕೊರೆಯದಿರಲಿ ಅಂತ ಪೈಪಿಗೆಲ್ಲ ಹಳೆ ಸೈಕಲ್ ಟ್ಯೂಬು ಸುತ್ತಿದ್ದರು.

ನಮ್ಮೂರಿಗೆ ಹೊಸದಾಗಿ ಬಂದಿದ್ದ ಫಿಸಿಯೋ ಹುಡುಗಿ ಒಬ್ಬಳಿದ್ದಳು. ಮೊದಲ ದಿನವೇ ಅಕ್ಕನ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಬೆರಳು ಬಿಡಿಸುತ್ತಾ, “ಅಮ್ಮಾ, ಈ ಕೈನ ಮರೀಬೇಡಿ. ನೀವು ಮರೆತ್ರೆ ಮೆದುಳೂ ಮರೆತುಬಿಡತ್ತೆ” ಅಂದಳು. ನನಗೆ ಎಲ್ಲ ಹೇಳಿಕೊಟ್ಟಳು: ಹೇಗೆ ಮಗ್ಗುಲಿಗೆ ತಿರುಗಿಸಬೇಕು, ಭುಜ ಜಾರದ ಹಾಗೆ ಹೇಗೆ ದಿಂಬು ಕೊಡಬೇಕು, ಕೈ ಹಿಡಿದು ಎಳೆದು ಯಾಕೆ ಎಬ್ಬಿಸಬಾರದು. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ.

ಮಾತಿನ ವಿಷಯ ಗೊತ್ತಾಗಿದ್ದು ಆಕಸ್ಮಿಕವಾಗಿ. ಒಂದು ಸಂಜೆ ಅಕ್ಕನ ಕಾಲು ಮಡಿಸಿ ಬಿಡಿಸುತ್ತಾ ಎಣಿಸಿ ಎಣಿಸಿ ಬೇಜಾರಾಗಿ ನಾನು ಮಗ್ಗಿ ಶುರುಮಾಡಿದೆ. “ಎರಡೊಂದ್ಲ ಎರಡು, ಎರಡೆರಡ್ಲ ನಾಕು...” ನಾನು ಉಸಿರು ತಗೊಳ್ಳಕ್ಕೆ ನಿಲ್ಲಿಸಿದಾಗ ಹಾಸಿಗೆಯಿಂದ “ಎರಡ್ಮೂರ್ಲ ಆರು” ಅಂತ ಕೇಳಿಸಿತು. ನಾನು ಕಾಲು ಹಿಡಿದುಕೊಂಡೇ ಕಲ್ಲಿನಂತೆ ಕೂತೆ. ಅಕ್ಕ ನಿಲ್ಲಿಸಲಿಲ್ಲ. ಎರಡು ಹತ್ತಲ ಇಪ್ಪತ್ತರವರೆಗೆ, ಸ್ವಲ್ಪ ತೊದಲುತ್ತಾ, ಒಂದೂ ತಪ್ಪಿಲ್ಲದೆ ಹೇಳಿದಳು. ಮುಗಿದ ಮೇಲೆ ನನ್ನ ಹೆಸರು ಹೇಳು ಅಂದರೆ ಮತ್ತೆ “ಅದು” ಅಂದಳು. ಬಾಯಿಪಾಠದ ಮಾತು ಮೆದುಳಿನಲ್ಲಿ ಬೇರೆ ಕಡೆ ಉಳಿದುಕೊಂಡಿರುತ್ತೆ, ಅದನ್ನು ಹಿಡಿದುಕೊಂಡೇ ಮಿಕ್ಕಿದ್ದನ್ನು ಎಳೀಬೇಕು ಅಂತ ಫಿಸಿಯೋ ಹುಡುಗಿ ಹೇಳಿದಳು. ಅವತ್ತು ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯವರೂ ಸೇರಿ ಮೂವರೂ ಐದರ ಮಗ್ಗಿ ಹೇಳಿದೆವು.

ಬಂದುಹೋಗುವವರ ಸಲಹೆಗೆ ಕೊನೆ ಇರಲಿಲ್ಲ. ಲಕ್ವಕ್ಕೆ ಪಾರಿವಾಳದ ರಕ್ತ ಸವರಬೇಕು ಅಂದರು ಒಬ್ಬರು. ಮೊಟ್ಟೆಯನ್ನೂ ಮುಟ್ಟದ ನಮ್ಮ ಅಕ್ಕ ಅದನ್ನು ಕೇಳಿ ಎಡಗೈಯಿಂದ ಮೂಗು ಮುಚ್ಚಿಕೊಂಡದ್ದು ನೋಡಿ, ಎಷ್ಟೋ ದಿನಗಳ ಮೇಲೆ ನಾನು ನಕ್ಕೆ.

ನಾಲ್ಕನೇ ತಿಂಗಳಲ್ಲಿ ಭಾವ ಒಂದು ಬಣ್ಣಬಣ್ಣದ ಕಾಗದ ತಂದರು. ಯಾರೋ ಏಜೆಂಟು ಕೊಟ್ಟದ್ದಂತೆ. ಅದರಲ್ಲಿ ಗಾಲಿಕುರ್ಚಿಯಲ್ಲಿ ಕೂತವರು, ಪಕ್ಕದ ಚಿತ್ರದಲ್ಲಿ ಅವರೇ ಓಡುತ್ತಿರುವವರು. ಸ್ಟೆಮ್ ಸೆಲ್ ಚಿಕಿತ್ಸೆ, ಮೂರು ತಿಂಗಳಲ್ಲಿ ಗ್ಯಾರಂಟಿ ಅಂತ ದಪ್ಪಕ್ಷರದಲ್ಲಿತ್ತು. ಭಾವನ ಕಣ್ಣು ಹೊಳೆಯುತ್ತಿತ್ತು. “ಇದೊಂದು ಮಾಡ್ಸಿಬುಡಾನ ಕಣವ್ವ. ಏನಾರ ಮಾಡಿ ಒಂದಿಸ್ತೀನಿ” ಅಂದರು. ನನಗೂ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ನಮ್ಮ ಮನೆಯವರು, “ಗ್ಯಾರಂಟಿ ಅಂತ ನಾನು ಮೋಟ್ರಿಗೇ ಬರ್ಕೊಡಲ್ಲ. ಡಾಕ್ಟ್ರನ್ನ ಒಂದ್ಮಾತು ಕೇಳಿ” ಅಂದರು.

ಮೈಸೂರಿನ ಆ ಡಾಕ್ಟರು ಕಾಗದವನ್ನು ಮಡಿಸಿ ಭಾವನ ಕೈಗೇ ಕೊಟ್ಟರು. “ಇದಿನ್ನೂ ರುಜುವಾತಾಗಿಲ್ಲ. ದುಡ್ಡು ತಗೊಂಡು ಗ್ಯಾರಂಟಿ ಕೊಡೋರ ಹತ್ರ ಹೋಗ್ಬೇಡಿ” ಅಂದರು. ಭಾವನ ಮುಖ ಬಾಡಿದ್ದನ್ನು ನೋಡಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಸ್ಟೆಮ್ ಸೆಲ್ ಅಂದ್ರೆ ಬೇರೆ ಬೇರೆ ಥರದ ಕೋಶವಾಗಿ ಬೆಳೆಯಬಲ್ಲ ಎಳೆ ಕೋಶ, ಆದರೆ ಸತ್ತ ಜಾಗದಲ್ಲಿ ಈ ಕೋಶಗಳು ಹೊಸ ಮೆದುಳು ಬೆಳೆಸಲ್ಲ, ಸುತ್ತಮುತ್ತ ಬದುಕಿರೋ ಭಾಗಕ್ಕೆ ಹೊಸ ದಾರಿ ಹುಡುಕಿಕೊಳ್ಳೋಕೆ ಒತ್ತಾಸೆ ಕೊಡಬಹುದು, ಅದೂ ಒಂದು ಊಹೆ ಅಷ್ಟೆ ಅಂತ ವಿವರಿಸಿದರು. “ಹೊಲದಲ್ಲಿ ಕಾಲುದಾರಿ ಹೇಗೆ ಬೀಳತ್ತೆ? ದಿನಾ ನಡೆದ್ರೆ ತಾನೆ? ಅದಕ್ಕೇ ವ್ಯಾಯಾಮ ಇಲ್ದೆ ಬರೀ ಕೋಶ ಹಾಕಿ ಪ್ರಯೋಜನ ಇಲ್ಲ ಅಂತ ಅನ್ಸತ್ತೆ. ಎರಡನ್ನೂ ಸೇರಿಸಿ ನೋಡೋ ಒಂದು ಸಂಶೋಧನೆ ಬೆಂಗಳೂರಲ್ಲಿ ನಡೀತಿದೆ. ಅದಕ್ಕೆ ದುಡ್ಡು ತಗೊಳ್ಳಲ್ಲ. ಆದ್ರೆ ಒಂದು ಷರತ್ತಿದೆ.”

ಷರತ್ತು ಏನೆಂದರೆ, ಸೇರಿದವರಲ್ಲಿ ಕೆಲವರಿಗೆ ಕೋಶಗಳನ್ನು ಡ್ರಿಪ್‌ನಲ್ಲಿ ಹಾಕುತ್ತಾರೆ, ಕೆಲವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿರಲ್ಲ, ನೋಡುವ ಡಾಕ್ಟರಿಗೂ ಗೊತ್ತಿರಲ್ಲ. ವ್ಯಾಯಾಮ ಮಾತ್ರ ಎಲ್ಲರಿಗೂ ಒಂದೇ, ವಾರಕ್ಕೆ ಆರು ದಿನ, ಒಂದು ವರ್ಷ.

“ಅಂಗಾದ್ರೆ ನೀರೂ ಆಗ್ಬೋದು?” ಅಂದರು ಭಾವ.

“ಆಗ್ಬೋದು.”

ಬೆಂಗಳೂರಿನಲ್ಲಿ ಎಲ್ಲ ಪರೀಕ್ಷೆ ಮಾಡಿ ಒಪ್ಪಿಗೆ ಕಾಗದ ಮುಂದಿಟ್ಟರು. ಭಾವ ಪೆನ್ನು ತೆಗೆದರೆ ಅಲ್ಲಿನ ಡಾಕ್ಟರಮ್ಮ, “ಮೊದಲು ಅವರನ್ನ ಕೇಳೋಣ” ಅಂದರು. ಅಕ್ಕನ ಮುಂದೆ ಕೂತು ಚಿತ್ರ ತೋರಿಸಿ, ನಿಧಾನವಾಗಿ, ಎರಡೆರಡು ಸಲ ಹೇಳಿದರು. ಅಪಾಯವೂ ಇರಬಹುದು ಅಂತ ಹೇಳಿದರು, ಬೇಡ ಅನ್ನಿಸಿದಾಗ ಬಿಡಬಹುದು ಅಂತಲೂ ಹೇಳಿದರು. ನಾಲ್ಕು ತಿಂಗಳಿಂದ ಅಕ್ಕನ ತಲೆಯ ಮೇಲೆ ನಾವು ನಾವೇ ಮಾತಾಡಿಕೊಂಡು ಎಲ್ಲ ತೀರ್ಮಾನ ಮಾಡುತ್ತಿದ್ದೆವು. ಅಕ್ಕ ನೇರವಾಗಿ ಕೂತು ಆ ಡಾಕ್ಟರಮ್ಮನನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಎಡಗೈ ಚಾಚಿ ಪೆನ್ನು ತಗೊಂಡು, ಗೀಚಿದ ಹಾಗೆ ಒಂದು ಗುರುತು ಹಾಕಿದಳು. ನನಗೆ ನಾಚಿಕೆಯಾಯಿತು.

ಡ್ರಿಪ್ ಚೀಲಕ್ಕೂ ಅದರ ನಳಿಗೆಗೂ ಕಂದು ಬಣ್ಣದ ಕವರು ಹಾಕಿದ್ದರು, ಒಳಗಿನದು ಕಾಣದ ಹಾಗೆ. ಒಂದು ತಿಂಗಳ ಅಂತರದಲ್ಲಿ ಎರಡು ಸಲ. ಮೊದಲ ಸಲದ ಸಂಜೆ ಅಕ್ಕನಿಗೆ ಸ್ವಲ್ಪ ಮೈ ಬಿಸಿಯಾಯಿತು. ಭಾವನಿಗೆ ಖುಷಿ. “ನೋಡ್ದಾ, ಒಳಗೆ ಕೆಲ್ಸ ಶುರುಮಾಡವೆ!” ಎರಡನೇ ಸಲ ಏನೂ ಆಗಲಿಲ್ಲ. ಭಾವ ಬರುವ ದಾರಿಯುದ್ದಕ್ಕೂ ಅಕ್ಕನ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದರು.

ಆಮೇಲೆ ಶುರುವಾದದ್ದೇ ನಿಜವಾದ ಕೆಲಸ. ಮಾಡಿದ್ದನ್ನೆಲ್ಲ ಒಂದು ಡೈರಿಯಲ್ಲಿ ಬರೆಯಬೇಕಿತ್ತು. ಎದ್ದು ನಿಲ್ಲುವುದು ಮೂವತ್ತು ಸಲ, ಪೈಪಿನ ಮಧ್ಯೆ ನಡೆಯುವುದು ಇಪ್ಪತ್ತು ಸುತ್ತು, ಕೈಯನ್ನು ಮೇಜಿನ ಮೇಲೆ ಜಾರಿಸುವುದು ನೂರು ಸಲ. ಅಂಗನವಾಡಿ ನಮ್ಮ ಮನೆಯ ಪಕ್ಕದ ಕಟ್ಟಡ. ಬೆಳಗ್ಗೆ ಹತ್ತರಿಂದ ಅಕ್ಕನನ್ನೂ ಅಲ್ಲೇ ಕೂರಿಸಿಕೊಳ್ಳುತ್ತಿದ್ದೆ. ಗೋಡೆಯ ಚಿತ್ರಪಟಕ್ಕೆ ಕೋಲು ತೋರಿಸಿ “ಇದೇನು?” ಅಂದರೆ ಮಕ್ಕಳೆಲ್ಲ “ಮೊಲಾ!” ಅಂತ ಕೂಗುತ್ತಿದ್ದವು. ಅಕ್ಕನ ತುಟಿಯೂ ಅಲ್ಲಾಡುತ್ತಿತ್ತು. ಒಂದು ದಿನ ಮಕ್ಕಳಿಗಿಂತ ಸ್ವಲ್ಪ ಹಿಂದೆ “ಮೊಲ” ಅಂತ ಒಂದು ದಪ್ಪ ದನಿ ಬಂತು. ಮೂರು ವರ್ಷದ ಒಂದು ಹುಡುಗಿ ತಿರುಗಿ ನೋಡಿ, “ಟೀಚರ್, ಅಜ್ಜೀಗೂ ಬಂತು!” ಅಂತ ಚಪ್ಪಾಳೆ ಹೊಡೆಯಿತು. ಮಕ್ಕಳಿಗೆ ಅವಳ ತೊದಲು ವಿಚಿತ್ರ ಅನ್ನಿಸಲೇ ಇಲ್ಲ. ಅವರಲ್ಲೂ ಅರ್ಧ ಮಂದಿ ತೊದಲುತ್ತಿದ್ದವರೇ.

ಕೈ ಮಾತ್ರ ಏಳಲಿಲ್ಲ. ಎರಡು ತಿಂಗಳಾದರೂ ಬೆರಳು ಒಳಕ್ಕೆ ಮಡಚಿಕೊಂಡೇ ಇದ್ದವು. ಒಂದು ದಿನ ಬೆಳಗ್ಗೆ ನಾನು ಡೈರಿ ಹಿಡಿದು ಹೋದರೆ ಅಕ್ಕ ಗೋಡೆ ಕಡೆ ತಿರುಗಿ ಮಲಗಿದ್ದಳು. ಏಳಲಿಲ್ಲ. ಮಾರನೇ ದಿನವೂ ಇಲ್ಲ. ಉಪ್ಪಿಟ್ಟು ತಿನ್ನಿಸಕ್ಕೆ ಹೋದರೆ ಎಡಗೈಲಿ ಚಮಚ ಕಿತ್ತು ಬಿಸಾಕಿದಳು. ನಾನೂ ರೇಗಿದೆ. “ಬ್ಯಾಡ ಅಂದ್ರೆ ಬಿಡು! ನಂಗೇನು ಬೇರೆ ಕೆಲ್ಸ ಇಲ್ವಾ?” ಅಂತ ಕೂಗಿ ಹಿತ್ತಲಿಗೆ ಹೋಗಿ ಆ ಪೈಪಿನ ಮಧ್ಯೆ ನಿಂತು ಅತ್ತೆ.

ಹೀಗೆ ಆಗುತ್ತೆ, ಇದೂ ಕಾಯಿಲೆಯದೇ ಒಂದು ಭಾಗ ಅಂತ ಫಿಸಿಯೋ ಹುಡುಗಿ ಹೇಳಿದಳು. ಡಾಕ್ಟರಿಗೆ ಫೋನ್ ಮಾಡಿ ಮನಸ್ಸಿಗೂ ಮಾತ್ರೆ ಬರೆಸಿಕೊಂಡೆವು. ಅದೇ ವಾರ ಹುಡುಗಿ ಬಂದ ಹೊತ್ತಿಗೆ ನಾನು ಅಕ್ಕನ ಪೂಜೆ ಮಾಡಿಸುತ್ತಿದ್ದೆ. ಅಕ್ಕ ಮದುವೆಗೆ ಮುಂಚಿನಿಂದಲೂ ಲಿಂಗಪೂಜೆ ತಪ್ಪಿಸಿದವಳಲ್ಲ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಬಲಗೈಯಿಂದ ವಿಭೂತಿ, ಹೂವು, ಪತ್ರೆ. ಈಗ ಎಡಗೈ ಲಿಂಗ ಹಿಡಿಯುತ್ತಿತ್ತು, ಮಿಕ್ಕಿದ್ದನ್ನು ನಾನು ಮಾಡುತ್ತಿದ್ದೆ, ಅಕ್ಕನ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ಹುಡುಗಿ ಬಾಗಿಲಲ್ಲೇ ನಿಂತು ನೋಡಿದಳು. ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ಆಂಟಿ, ಚೆನ್ನಾಗಿರೋ ಕೈನ ಕಟ್ಟಿಹಾಕಿ ಸೋತ ಕೈಲಿ ಕೆಲ್ಸ ಮಾಡ್ಸೋದು ಅಂತ ಒಂದು ಪದ್ಧತಿ ಇದೆ. ಇಲ್ಲಿ ಎಡಗೈ ತಾನಾಗೇ ಬಿಡುವಿಲ್ದೆ ಇದೆಯಲ್ಲ. ನಾಳೆಯಿಂದ ಬಲಗೈನ ಮೊಣಕೈ ಹತ್ರ ಎತ್ತಿ ಹಿಡ್ಕೊಳ್ಳಿ. ಹೂವು ನೀವು ಹಾಕ್ಬೇಡಿ” ಅಂದಳು.

ಮಾರನೇ ದಿನ ಹಾಗೇ ಮಾಡಿದೆ. ಮೊಣಕೈ ಎತ್ತಿ ಹಿಡಿದೆ, ಬೆರಳ ಸಂದಿಗೆ ಒಂದು ತುಂಬೆಹೂವು ಸಿಕ್ಕಿಸಿದೆ. ಹೂವು ಬಿದ್ದದ್ದು ತೊಡೆಯ ಮೇಲೆ. ಮತ್ತೊಂದು ಸಿಕ್ಕಿಸಿದೆ. ಅದೂ ಬಿತ್ತು. ಆವತ್ತು ಪೂಜೆಗೆ ಮುಕ್ಕಾಲು ಗಂಟೆ ಹಿಡಿಯಿತು, ಲಿಂಗದ ಮೇಲೆ ಒಂದು ಹೂವೂ ಬೀಳಲಿಲ್ಲ. ಆದರೆ ಅಕ್ಕ ಬಿಸಾಕಲಿಲ್ಲ, ಗೋಡೆ ಕಡೆ ತಿರುಗಲಿಲ್ಲ. ಅವಳು ಏಳುತ್ತಿದ್ದುದೇ ಆಮೇಲೆ ಅದಕ್ಕಾಗಿ. ದಿನಾ ಹಿತ್ತಲಿಂದ ತುಂಬೆಹೂವು ಕಿತ್ತು ತರುವುದು ನಮ್ಮ ಮನೆಯವರ ಕೆಲಸವಾಯಿತು. ಎಷ್ಟು ದಿನವೋ ಡೈರಿ ನೋಡಿದರೆ ಸಿಗುತ್ತದೆ, ಒಂದು ಬೆಳಗ್ಗೆ ಹೆಬ್ಬೆರಳು ಒಂದು ನೂಲಿನಷ್ಟು ಸರಿದು ಹೂವು ತಾನಾಗೇ ಜಾರಿ ಲಿಂಗದ ಮೇಲೆ ಬಿತ್ತು. ನಾನು ಕೈ ಅಲ್ಲಾಡಿಸಿದೆನೇನೋ ಅಂತ ಅನುಮಾನವಾಗಿ ಇನ್ನೊಂದು ಹೂವು ಕೊಟ್ಟೆ. ಅದೂ ಬಿತ್ತು. ಅಕ್ಕ ನನ್ನ ಮುಖ ನೋಡಿ, “ಕೂಸೇ” ಅಂದಳು.

ಎಂಟು ತಿಂಗಳಾಗಿತ್ತು ಆ ಮಾತು ಕೇಳಿ.

ಆವತ್ತು ನನಗೆ ತಡೆಯಲಾಗಲಿಲ್ಲ. ಪೂಜೆ ಮುಗಿದು ಲಿಂಗವನ್ನು ಕಟ್ಟಿದ ಮೇಲೆ ಅವಳ ಕಾಲಹತ್ತಿರ ಕೂತುಕೊಂಡು ಎಲ್ಲ ಹೇಳಿಬಿಟ್ಟೆ. “ಆವತ್ತು ಫೋನಲ್ಲಿ ನಿನ್ ಮಾತು ತಪ್ಪಿತ್ತಕ್ಕ. ನಾನು ನಕ್ಕುಬುಟ್ಟೆ. ತಮಾಸೆ ಅನ್ಕೊಂಡು ಫೋನ್ ಮಡಗ್ಬುಟ್ಟೆ. ಆಗಲೇ ಭಾವಂಗೆ ಹೇಳಿದ್ರೆ ಇಂಜೆಕ್ಷನ್ ಸಿಕ್ಕೋದು. ನಿನ್ ಕೈ ಹೋಗಿದ್ದು ನನ್ನಿಂದ.”

ಅಕ್ಕನಿಗೆ ಸಿಟ್ಟೋ, ಮಾತು ಹುಡುಕುತ್ತಿದ್ದಾಳೋ ಗೊತ್ತಾಗದೆ ನಾನು ನೆಲ ನೋಡುತ್ತಿದ್ದೆ. ಅವಳು ತನ್ನ ಎದೆ ಮುಟ್ಟಿಕೊಂಡಳು.

“ನಾನೂ,” ಅಂದಳು. ತುಟಿ ಒದ್ದಾಡಿತು. “ನಾನೂ... ನಕ್ಕೆ.”

ಆ ಕಡೆಯಿಂದ ಬಂದ ಸದ್ದು ನಗುವೇ ಆಗಿತ್ತು. ತನ್ನ ಬಾಯಿಂದ ಬಂದ ಮಾತು ಕೇಳಿ ಅವಳಿಗೇ ನಗು ಬಂದಿತ್ತು. ತನಗೇನಾಗುತ್ತಿದೆ ಅಂತ ಅವಳಿಗೂ ಗೊತ್ತಾಗಿರಲಿಲ್ಲ. ಅಷ್ಟು ದಿನ ನಾನೊಬ್ಬಳೇ ಹೊತ್ತುಕೊಂಡು ತಿರುಗಿದ್ದನ್ನು ಅವಳು ಎರಡು ಮಾತಿನಲ್ಲಿ ಇಳಿಸಿದಳು. ಆಮೇಲೆ ಎಡಗೈಯಿಂದ ನನ್ನ ಮುಡಿಯನ್ನು ಎಳೆದು, ಡೈರಿ ಕಡೆ ಕಣ್ಣು ತೋರಿಸಿದಳು. ಆ ದಿನದ ನೂರು ಸಲ ಇನ್ನೂ ಬಾಕಿಯಿತ್ತು.

ವರ್ಷ ತುಂಬುವ ಹೊತ್ತಿಗೆ ಅಕ್ಕ ಪೈಪು ಬಿಟ್ಟು ಒಂದು ಕೋಲು ಹಿಡಿದು ನಡೆಯುತ್ತಿದ್ದಳು. ಬಲಗಾಲನ್ನು ಸ್ವಲ್ಪ ಬಳಸಿ ಹಾಕುತ್ತಾಳೆ. ಕೈ ಲೋಟ ಹಿಡಿಯುತ್ತದೆ, ತುಂಬಿದ ಚೊಂಬು ಹಿಡಿಯಲ್ಲ. ಮಾತು ಎರಡು ಮೂರು ಪದದ್ದು, ಮಧ್ಯೆ ಕಾಯಬೇಕು. ಅವಳು ನಂಜನಗೂಡಿಗೆ ಹಿಂದಿರುಗಿದ ದಿನ ನಮ್ಮ ಮನೆಯವರು ಆ ಪೈಪುಗಳನ್ನು ಕೀಳಲು ಒಪ್ಪಲಿಲ್ಲ, “ಇರ್ಲಿ, ಬಂದಾಗ ಬೇಕಾಯ್ತದೆ” ಅಂದರು.

ಸಂಶೋಧನೆಗೆ ಸೇರಿದ್ದ ಎಲ್ಲರದೂ ಮುಗಿಯಲು ಇನ್ನೂ ಎಂಟೊಂಬತ್ತು ತಿಂಗಳು ಹಿಡಿಯಿತು. ಆಗ ಬೆಂಗಳೂರಿಗೆ ಕರೆಸಿ ಯಾರಿಗೆ ಏನು ಕೊಟ್ಟಿದ್ದೆವು ಅಂತ ಹೇಳಿದರು. ಡಾಕ್ಟರಮ್ಮ ಫೈಲು ತೆರೆದು, “ನಿಮಗೆ ಹೋಗಿದ್ದು ಕೋಶಗಳೇ” ಅಂದರು.

ಭಾವ ಕುರ್ಚಿಯಿಂದ ಎದ್ದೇಬಿಟ್ಟರು. ಅಕ್ಕನ ತಲೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ನನಗೆ ಆ ಕ್ಷಣ ಏನಾಯಿತು ಅಂತ ಹೇಳಕ್ಕೆ ಈಗಲೂ ಸಂಕೋಚ. ಖುಷಿಯ ಜೊತೆಗೇ ಏನೋ ಚುಚ್ಚಿದ ಹಾಗಾಯಿತು. ಅದು ಉಪ್ಪುನೀರೇ ಆಗಿರಲಿ, ಎಲ್ಲ ನಾನು ಉಜ್ಜಿ, ಎತ್ತಿ, ಎಣಿಸಿ ಆದದ್ದೇ ಆಗಿರಲಿ ಅಂತ ಒಳಗೊಳಗೇ ನಾನು ಕಾದಿದ್ದೆ. ಅದು ನನಗೇ ಆಗ ಗೊತ್ತಾಯಿತು.

ಡಾಕ್ಟರಮ್ಮ ಭಾವನನ್ನು ಕೂರಿಸಿದರು. “ಪೂರ್ತಿ ಕೇಳಿ. ಉಪ್ಪುನೀರು ಹೋದವರಲ್ಲೂ ನಿಮ್ಮಷ್ಟೇ ಸುಧಾರಿಸಿದವರಿದ್ದಾರೆ. ಕೋಶ ಹೋದವರಲ್ಲಿ ಏನೂ ವ್ಯತ್ಯಾಸ ಕಾಣದವರೂ ಇದ್ದಾರೆ. ಇವರೊಬ್ಬರನ್ನ ನೋಡಿ ಇದರಿಂದಲೇ ಆಯ್ತು ಅಂತ ನಾನೂ ಹೇಳಕ್ಕಾಗಲ್ಲ, ನೀವೂ ಹೇಳಬೇಡಿ. ಇದು ಕೆಲ್ಸ ಮಾಡತ್ತೋ ಇಲ್ವೋ ತಿಳಿಯಕ್ಕೆ ಇನ್ನೂ ತುಂಬ ಜನರನ್ನ ನೋಡ್ಬೇಕು.” ಭಾವ ತಲೆಯಾಡಿಸಿದರು, ಆದರೆ ದಾರಿಯಲ್ಲಿ ಪೇಡ ಕೊಂಡೇ ಬಂದರು.

ಊರಿಗೆ ಬಂದು ಫಿಸಿಯೋ ಹುಡುಗಿಗೆ ಹೇಳಿದೆ. ನನ್ನ ಮನಸ್ಸಿನ ಆ ಹೊಟ್ಟೆಕಿಚ್ಚನ್ನೂ ಬಚ್ಚಿಡದೆ ಹೇಳಿದೆ. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. “ಅಯ್ಯೋ ಆಂಟಿ, ನಾನೂ ಉಪ್ಪುನೀರೇ ಆಗಿರ್ಲಿ ಅಂತ ಹರಕೆ ಹೊತ್ತಿದ್ದೆ!” ಅಂದಳು. ಅಕ್ಕನಿಗೆ ಇದನ್ನೆಲ್ಲ ಹೇಳಿದಾಗ ಅವಳು ಕೋಶದ ಕಡೆಗೂ ಸೇರಲಿಲ್ಲ, ವ್ಯಾಯಾಮದ ಕಡೆಗೂ ಸೇರಲಿಲ್ಲ. ಬಲಗೈಯನ್ನು ಮುಂದೆ ಚಾಚಿ, ಮುಷ್ಟಿ ಕಟ್ಟಿ ಬಿಚ್ಚಿ ತೋರಿಸಿ, “ಬಂತಲ್ಲ” ಅಂದಳು.

ಅಕ್ಕ ಈಗ ಬ್ಲೌಸ್ ಹೊಲಿಯಲ್ಲ. ತೋಳಿನ ತಿರುವು, ಕತ್ತಿನ ಪಟ್ಟಿ ಆ ಕೈಗೆ ಬಗ್ಗಲ್ಲ. ನೇರ ಹೊಲಿಗೆ ಬರುತ್ತದೆ. ದಿಂಬಿನ ಕವರು, ಬಟ್ಟೆಯ ಚೀಲ ಹೊಲಿಯುತ್ತಾಳೆ. ಭಾವ ನಿವೃತ್ತರಾದರು. ಕನ್ನಡಕ ಹಾಕಿಕೊಂಡು ಚೀಲಕ್ಕೆ ಗುಂಡಿ ಹಾಕುವುದು ಅವರ ಪಾಲು. ಮೊದಮೊದಲು ಗುಂಡಿಯನ್ನು ತಮ್ಮ ಪಂಚೆಗೇ ಸೇರಿಸಿ ಹೊಲಿದುಕೊಳ್ಳುತ್ತಿದ್ದರು. ಅಕ್ಕ ಪಕ್ಕದಲ್ಲಿ ಕೂತು “ಬಿಚ್ಚು” ಅನ್ನುತ್ತಾಳೆ. ಆ ಮಾತು ಮಾತ್ರ ತಡವರಿಸದೆ ಬರುತ್ತದೆ.

ಹೋದ ತಿಂಗಳು ಅವಳು ನಮ್ಮ ಮನೆಗೆ ಬಂದಿದ್ದಾಗ ಫಿಸಿಯೋ ಹುಡುಗಿ ಫೋನ್ ಮಾಡಿ, ಒಂದರ್ಧ ಗಂಟೆ ನಿಮ್ಮಕ್ಕನ್ನ ನನ್ನ ಕ್ಲಿನಿಕ್ಕಿಗೆ ಕರ್ಕೊಂಡು ಬನ್ನಿ ಅಂದಳು. ಹೋದೆವು. ಸೋಮನಾಥಪುರದ ಕಡೆಯ ಒಬ್ಬ ಹೆಣ್ಣುಮಗಳು ಗೋಡೆಗೊರಗಿ ಕೂತಿದ್ದಳು. ಇಪ್ಪತ್ತೈದು ಇಪ್ಪತ್ತಾರು ಇರಬಹುದು. ಹೆರಿಗೆಯಾದ ಹತ್ತನೇ ದಿನಕ್ಕೆ ಲಕ್ವ ಹೊಡೆದಿತ್ತಂತೆ. ಅವಳ ತಾಯಿ ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡಿದ್ದರು. ಆ ಹೆಣ್ಣುಮಗಳು ಕೂಸಿನ ಕಡೆ ನೋಡುತ್ತಿರಲಿಲ್ಲ. ಎತ್ತಿಕೊಂಡರೆ ಬೀಳಿಸ್ತೀನಿ ಅಂತ ಮುಟ್ಟುವುದೂ ಇಲ್ಲವಂತೆ.

ತಾಯಿ ಅಕ್ಕನನ್ನು ನೋಡಿದ ಕೂಡಲೇ, “ನೀವೇನವ್ವ, ಅದೇನೋ ಸ್ಟೆಮ್ ಸೆಲ್ಲು ಆಕಿಸ್ಕೊಂಡೋರು? ನಮ್ ಮಗೀಗೂ ಅದ ಆಕಿಸ್ಬೇಕಾ? ಎಲ್ಲಿ ಆಕ್ತಾರೆ?” ಅಂತ ಕೇಳಿದರು.

ನಾನು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಲು ಬಾಯಿ ತೆರೆದೆ. ಅಕ್ಕ ಕೈ ಅಡ್ಡ ಮಾಡಿದಳು.

“ಗೊತ್ತಿಲ್ಲ,” ಅಂದಳು. ಮಾತಿಗೆ ಕಾದಳು. “ಅವರ್ಗೂ... ಗೊತ್ತಿಲ್ಲ. ಮೊದ್ಲು ಕೈ. ದಿನಾ.”

ಕೋಲನ್ನು ಗೋಡೆಗಿಟ್ಟು ಆ ಹೆಣ್ಣುಮಗಳ ಪಕ್ಕ ನಿಧಾನವಾಗಿ ಕೂತಳು. ಅವಳ ಸೋತ ಕೈಯನ್ನು ಎತ್ತಿಕೊಂಡು ಬೆರಳು ಬಿಡಿಸಿದಳು. ತಾಯಿಗೆ ಹತ್ತಿರ ಬರಲು ಕಣ್ಣಲ್ಲೇ ಹೇಳಿ, ಆ ಅಂಗೈಯನ್ನು ಕೂಸಿನ ಹೊಟ್ಟೆಯ ಮೇಲೆ ಇಟ್ಟಳು, ಮೇಲೆ ತನ್ನ ಬಲಗೈ ಇಟ್ಟು ಜಾರದ ಹಾಗೆ ಹಿಡಿದಳು. ಕೂಸು ಉಸಿರಾಡಿದಾಗಲೆಲ್ಲ ಎರಡು ಕೈಯೂ ಏರಿ ಇಳಿಯುತ್ತಿದ್ದವು. ಆ ಹೆಣ್ಣುಮಗಳು ಮೊದಲು ಗೋಡೆಯನ್ನೇ ನೋಡುತ್ತಿದ್ದಳು. ಆಮೇಲೆ ಕೈಯನ್ನು ನೋಡಿದಳು, ಆಮೇಲೆ ಕೂಸನ್ನು.

ಅಕ್ಕ ಅವತ್ತೇ ವಾಪಸ್ಸು ಹೋಗಬೇಕಿದ್ದ ನಂಜನಗೂಡಿನ ಬಸ್ಸಿಗೆ ಹೊತ್ತಾಗಿತ್ತು. ನಾನು ಅಕ್ಕನ ಭುಜ ಮುಟ್ಟಿ ಗಡಿಯಾರ ತೋರಿಸಿದೆ. ಅವಳು ಏಳಲಿಲ್ಲ. ಮುಂದಿನ ಬಸ್ಸು ಇದ್ದೇ ಇದೆ ಅಂದುಕೊಂಡು ನಾನೂ ಪಕ್ಕದ ಸ್ಟೂಲಿನ ಮೇಲೆ ಕೂತೆ.